ಏಳು ಗಂಟೆಯ ನಾಟಕ, ಆರೂವರೆ ಸೆಂಟಿಮೀಟರ್ ಗೆರೆ

ತೊಂಡೇಬಾವಿ, ಗೌರಿಬಿದನೂರು ಕಡೆ ರಾತ್ರಿಯಿಡೀ ಆಡುವ ಕುರುಕ್ಷೇತ್ರ ನಾಟಕ ಈಗ ಯೂಟ್ಯೂಬಿಗೂ ಏರುತ್ತದೆ. ನೆಂಟರ ಹುಡುಗ ಭೀಮನ ಪಾತ್ರ ಮಾಡಿದ್ದಾನೆ, ಅವನು ಗದೆ ಹೊತ್ತು ಬರುವ ಸೀನ್ ಒಂದನ್ನು ನೋಡಿದರೆ ಸಾಕು. ಕೆಳಗಿನ ಕೆಂಪು ಗೆರೆಯ ಮೇಲೆ ಬೆರಳಿಟ್ಟು ಎಳೆದರೆ ದುರ್ಯೋಧನನ ದರ್ಬಾರು ಇನ್ನೂ ಮುಗಿದಿಲ್ಲ. ಕೂದಲೆಳೆಯಷ್ಟು ಸರಿಸಿದರೆ ಭೀಮ ಬಂದೂ ಆಯಿತು, ಹೋಗಿಯೂ ಆಯಿತು. ಶಕುನಿ ಹಾಡುತ್ತಿದ್ದಾನೆ.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ನಾಟಕ ಏಳು ಗಂಟೆಯದು ಎಂದಿಟ್ಟುಕೊಳ್ಳಿ, ಅಂದರೆ 25,200 ಸೆಕೆಂಡು. ಮೊಬೈಲನ್ನು ನೆಟ್ಟಗೆ ಹಿಡಿದಾಗ ಆ ಗೆರೆ ಹೆಚ್ಚೆಂದರೆ ಆರೂವರೆ ಸೆಂಟಿಮೀಟರ್. ಒಂದೊಂದು ಮಿಲಿಮೀಟರಿಗೂ ಸುಮಾರು ಆರೂವರೆ ನಿಮಿಷದ ನಾಟಕ ತುಂಬಿದೆ! ಇತ್ತ ಬೆರಳ ತುದಿಯೇ ಒಂದು ಸೆಂಟಿಮೀಟರಿನಷ್ಟು ಅಗಲ. ಬೆರಳು ತಾಗಿದ ಜಾಗದ ನಡುಬಿಂದುವನ್ನು ಫೋನು ಲೆಕ್ಕಕ್ಕೆ ಹಿಡಿಯುತ್ತದೆ. ಸರಿಯಾದ ಜಾಗ ಸಿಕ್ಕಿತೆಂದು ಬೆರಳೆತ್ತುವಾಗ ಅದು ಒಂದಿಷ್ಟು ಹೊರಳುತ್ತದೆ, ಜೊತೆಗೆ ಆ ನಡುಬಿಂದುವೂ ಜಾರುತ್ತದೆ. ಸಿಕ್ಕಿದ ಭೀಮ ಕೊನೇ ಗಳಿಗೆಯಲ್ಲಿ ಕೈತಪ್ಪುವುದು ಹೀಗೆ.

ಹಳೆಯ ರೇಡಿಯೊ ಇಟ್ಟುಕೊಂಡಿದ್ದವರಿಗೆ ಇದಕ್ಕೆ ಪರಿಹಾರ ಗೊತ್ತಿತ್ತು. ಶಾರ್ಟ್‌ವೇವ್‌ನಲ್ಲಿ ಸ್ಟೇಷನ್ನುಗಳು ಒತ್ತೊತ್ತಾಗಿರುತ್ತಿದ್ದುದರಿಂದ ಕೆಲವು ಸೆಟ್‌ಗಳಲ್ಲಿ ದೊಡ್ಡ ತಿರುಪಿನ ಜೊತೆ ಫೈನ್ ಟ್ಯೂನಿಂಗ್‌ಗೆಂದೇ ಇನ್ನೊಂದು ಚಿಕ್ಕ ತಿರುಪು ಇರುತ್ತಿತ್ತು. ಕೈ ಬಹಳ ತಿರುಗಿದರೂ ಸ್ಟೇಷನ್ ತುಸುವೇ ಸರಿಯುತ್ತಿತ್ತು. ಪರದೆಯ ಮೇಲೆ ಎರಡನೇ ತಿರುಪಿಗೆ ಜಾಗವಿಲ್ಲ. ಹಾಗಾಗಿ ಕೆಲವು ಪ್ಲೇಯರುಗಳಲ್ಲಿ ಒಂದೇ ಬೆರಳಿಗೆ ಎರಡು ಕೆಲಸ ಕೊಟ್ಟರು.

ಬೆರಳನ್ನು ಗೆರೆಯ ಮೇಲೇ ಅಡ್ಡಡ್ಡ ಎಳೆದರೆ ಮಾಮೂಲಿ ವೇಗ. ಬೆರಳೆತ್ತದೆ ಗೆರೆಯಿಂದ ದೂರಕ್ಕೆ ಜಾರಿಸಿ, ಆಮೇಲೆ ಅಡ್ಡ ಎಳೆದರೆ ವೇಗ ಅರ್ಧಕ್ಕಿಳಿಯುತ್ತದೆ. ಇನ್ನೂ ದೂರ ಹೋದರೆ ಕಾಲು, ಅದಕ್ಕೂ ಆಚೆ ಮತ್ತೂ ನಿಧಾನ. ಐಫೋನಿನ ಪ್ಲೇಯರಿಗೆ ಇದು ಬಂದದ್ದು 2009ರಲ್ಲಿ. ಕಾಲು ವೇಗದಲ್ಲಿ ನಮ್ಮ ನಾಟಕ ಮಿಲಿಮೀಟರಿಗೆ ಒಂದೂವರೆ ನಿಮಿಷದ ಆಸುಪಾಸಿಗೆ ಬರುತ್ತದೆ.

ಒಳಗೆ ನಡೆಯುವುದು ಇಷ್ಟೇ: ಬೆರಳು ಎಲ್ಲಿದೆ ಎಂದು ಕೇಳುವುದನ್ನು ತಂತ್ರಾಂಶ ನಿಲ್ಲಿಸುತ್ತದೆ. ಹಿಂದಿನ ಕ್ಷಣಕ್ಕಿಂತ ಎಷ್ಟು ಸರಿಯಿತು ಎಂದಷ್ಟೇ ನೋಡಿ, ಅದನ್ನು ಅರ್ಧದಿಂದಲೋ ಕಾಲಿನಿಂದಲೋ ಗುಣಿಸಿ, ಈಗಿರುವ ಸ್ಥಾನಕ್ಕೆ ಕೂಡುತ್ತದೆ. ಇದರಿಂದ ಒಂದು ತಾಪತ್ರಯವೂ ಹುಟ್ಟುತ್ತದೆ. ಗೆರೆಯ ಮೇಲಿನ ಗುಂಡಿ ಹಿಂದೆ ಉಳಿದು, ಬೆರಳು ಮುಂದೆ ಹೋಗಿರುತ್ತದೆ. ಬೆರಳು ಮತ್ತೆ ಗೆರೆಗೆ ಇಳಿದ ಕೂಡಲೇ ಗುಂಡಿ ಹಾರಿ ಬಂದು ಅದರಡಿ ಕೂತರೆ ಪಟ್ಟ ಶ್ರಮವೆಲ್ಲ ಹೋಯಿತು. ಒಳ್ಳೆಯ ತಂತ್ರಾಂಶ ಬೆರಳು ಹತ್ತಿರವಾದಂತೆಲ್ಲ ಆ ಅಂತರವನ್ನು ಸ್ವಲ್ಪಸ್ವಲ್ಪವಾಗಿ ತೀರಿಸುತ್ತದೆ. ಕೆಟ್ಟದ್ದು ಹಾರಿಸುತ್ತದೆ. ಬರೆದವರ ಕೈಚಳಕ ತಿಳಿಯುವುದು ಇಲ್ಲೇ.

ಈ ಯೋಚನೆ ಐಫೋನಿಗಿಂತ ಹಳೆಯದು. 1994ರಲ್ಲಿ ಕ್ರಿಸ್ಟೋಫರ್ ಆಲ್ಬರ್ಗ್ ಮತ್ತು ಬೆನ್ ಶ್ನೈಡರ್‌ಮನ್ ಹತ್ತು ಸಾವಿರ ಸಿನಿಮಾ ಹೆಸರುಗಳನ್ನು ಒಂದು ಪುಟ್ಟ ಪಟ್ಟಿಯಲ್ಲಿ ಹುಡುಕಿಸುವ 'ಆಲ್ಫಾಸ್ಲೈಡರ್' ಮಾಡಿ, ಅದರ ಬೇರೆಬೇರೆ ರೂಪಗಳನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸಿದ್ದರು. ಮರುವರ್ಷ ಜಪಾನಿನ ತೋಶಿಯುಕಿ ಮಸುಯಿ ಮತ್ತು ಸಂಗಡಿಗರು 'ಫೈನ್‌ಸ್ಲೈಡರ್' ತೋರಿಸಿದರು. ಅದರಲ್ಲಿ ಗುಂಡಿಗೂ ಮೌಸಿಗೂ ನಡುವೆ ಕಾಣದ ರಬ್ಬರ್ ದಾರವಿದ್ದಂತೆ. ದೂರ ಎಳೆದರೆ ಗುಂಡಿ ಓಡುತ್ತದೆ, ಹತ್ತಿರವಿದ್ದರೆ ತೆವಳುತ್ತದೆ.

ಇದೇ ಇಕ್ಕಟ್ಟು ಗೌರಿಬಿದನೂರಿನಲ್ಲೇ ಇನ್ನೊಂದು ರೂಪದಲ್ಲಿದೆ. ದೂರದ ಅಣುಸ್ಫೋಟಗಳ ನಡುಕ ಹಿಡಿಯಲೆಂದು 1965ರ ಸುಮಾರಿಗೆ ಇಲ್ಲಿ ಭೂಕಂಪನ ಮಾಪಕಗಳ ಜಾಲ ಶುರುವಾಯಿತು. ನಡೆಸುವುದು ಭಾಭಾ ಅಣು ಸಂಶೋಧನಾ ಕೇಂದ್ರ. ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ ಹೂತಿಟ್ಟ ಮಾಪಕಗಳ ಸಾಲು, ಒಂದೊಂದು ತೋಳೂ ಇಪ್ಪತ್ತು ಕಿಲೋಮೀಟರಿಗಿಂತ ಉದ್ದ. 1998ರ ಮೇ 28ರಂದು ಪಾಕಿಸ್ತಾನ ಚಾಗೈ ಬೆಟ್ಟದಲ್ಲಿ ಸ್ಫೋಟಿಸಿದ್ದು ಇಲ್ಲಿ ದಾಖಲಾಗಿದೆ. ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಬರಲು ಅಲೆಗೆ ಬೇಕಾಗುವುದು ಸುಮಾರು ನಾಲ್ಕೂವರೆ ನಿಮಿಷ. ಇಡೀ ದಿನದ ದಾಖಲೆಯನ್ನು 1,920 ಚುಕ್ಕೆ ಅಗಲದ ಪರದೆಗೆ ಹೊಂದಿಸಿದರೆ ಒಂದು ಚುಕ್ಕೆಗೆ 45 ಸೆಕೆಂಡು. ಅಲೆಯ ಇಡೀ ಪಯಣ ಆರೇ ಚುಕ್ಕೆಯಲ್ಲಿ ಮುಗಿಯುತ್ತದೆ! ಜಾಲದ ಒಂದು ತುದಿಯಿಂದ ಇನ್ನೊಂದಕ್ಕೆ ಅಲೆ ದಾಟುವುದು ಎರಡು ಸೆಕೆಂಡಿನ ಆಸುಪಾಸಿನಲ್ಲಿ. ಯಾವ ಮಾಪಕಕ್ಕೆ ಮೊದಲು ತಾಗಿತು, ಯಾವುದಕ್ಕೆ ಆಮೇಲೆ ಎಂಬ ಆ ಸೂಕ್ಷ್ಮ ವ್ಯತ್ಯಾಸದಿಂದಲೇ ಅಲೆ ಬಂದ ದಿಕ್ಕು ತಿಳಿಯಬೇಕು. ಇಂಥ ಕಡೆ ವೇಗ ಇಳಿಸಿದರಷ್ಟೇ ಸಾಲದು, ಕಾಲದ ಅಳತೆಯನ್ನೇ ಹಿಗ್ಗಿಸಬೇಕು.

ಹಿಗ್ಗಿಸುವ ದಾರಿಯನ್ನು ಯೂಟ್ಯೂಬ್ ಕೂಡ 2022ರಲ್ಲಿ ಹಿಡಿಯಿತು. ಗೆರೆಯನ್ನು ಎಳೆಯುತ್ತಲೇ ಬೆರಳನ್ನು ಮೇಲಕ್ಕೆ ಜಾರಿಸಿದರೆ ಚಿತ್ರಗಳ ಸಾಲು ತೆರೆದುಕೊಳ್ಳುತ್ತದೆ, ಅದರಲ್ಲಿ ಹುಡುಕಬಹುದು. ಸೌಲಭ್ಯವೇನೋ ಒಳ್ಳೆಯದೇ, ಆದರೆ ಅದು ಇದೆ ಎಂದು ಪರದೆ ತಾನಾಗಿ ಸಾರಿ ಹೇಳುವುದಿಲ್ಲ. ಬಚ್ಚಿಟ್ಟ ಅನುಕೂಲ ಅರ್ಧ ಅನುಕೂಲ ಎಂದೇ ನನ್ನ ಅಭಿಪ್ರಾಯ.

ನಾಟಕದ ವಿಡಿಯೋ ಹಾಕುವವರಲ್ಲಿ ಒಂದು ವಿನಂತಿ. ವಿಡಿಯೋ ಕೆಳಗಿನ ವಿವರಣೆಯಲ್ಲಿ 0:00ಯಿಂದ ಶುರುಮಾಡಿ, ಸಾಲಿಗೊಂದರಂತೆ ಸಮಯವನ್ನೂ ಪಕ್ಕದಲ್ಲಿ ಸೀನಿನ ಹೆಸರನ್ನೂ ಬರೆಯಿರಿ. ಕನಿಷ್ಠ ಮೂರು ಸಾಲಿದ್ದರೆ ಯೂಟ್ಯೂಬ್ ಆ ಗೆರೆಯನ್ನು ಸೀನುಗಳಾಗಿ ತುಂಡರಿಸಿ ಕೊಡುತ್ತದೆ. ಭೀಮನನ್ನು ಹುಡುಕುವವರು ಅವನ ಹೆಸರನ್ನೇ ಒತ್ತಲಿ.