ಹೆಬ್ಬಾಗಿಲಿಗೆ ಕಾವಲು, ಒಳಕೋಣೆಗೆ?

ಮೈಸೂರು ಅರಮನೆ ನೋಡಲು ಬಂದವರು ಟಿಕೆಟ್ ಪಡೆದು ವರಾಹ ದ್ವಾರದಿಂದ ಒಳಹೋಗಬಹುದು. ದರ್ಬಾರ್ ಹಾಲನ್ನೂ ಕಣ್ತುಂಬ ನೋಡಬಹುದು. ಆದರೆ ಎಲ್ಲ ಕೋಣೆಗಳೂ ಅವರಿಗೆ ತೆರೆದಿರುವುದಿಲ್ಲ. ಬಂದವರು ಯಾರು ಎಂಬುದು ಒಂದು ಪ್ರಶ್ನೆ. ಎಲ್ಲಿಯವರೆಗೆ ಹೋಗಬಹುದು ಎಂಬುದು ಇನ್ನೊಂದು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕಡತ ಸಾಗಿಸುವ ಸರ್ವರ್ ತಂತ್ರಾಂಶವೂ ಇವೆರಡನ್ನೂ ಕೇಳಲೇಬೇಕು.

ಈ ಸಾಗಣೆಯ ನಿಯಮಾವಳಿ ಎಫ್‌ಟಿಪಿ. 1971ರ ಏಪ್ರಿಲ್‌ನಲ್ಲಿ ಅದರ ಮೊದಲ ಕರಡನ್ನು ಬರೆದವರು ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿ ಸೇರಿದ್ದ ಅಭಯ್ ಭೂಷಣ್. ಆಗ ಜಾಲದಲ್ಲಿದ್ದುದು ಕೆಲವೇ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು. ಮೂಲ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಕೂಡ ಪೋಸ್ಟ್ ಕಾರ್ಡಿನ ಒಕ್ಕಣೆಯಂತೆ ಬಯಲಲ್ಲೇ ಸಾಗುತ್ತದೆ.

ಹೆಬ್ಬಾಗಿಲಲ್ಲಿ ಕಾವಲಿದ್ದರೂ ಮನೆಗೆ ಕನ್ನ ಬೀಳಬಹುದು. ಪ್ರೊಎಫ್‌ಟಿಪಿಡಿ ಎಂಬ ಜನಪ್ರಿಯ ಸರ್ವರ್ ತಂತ್ರಾಂಶದಲ್ಲಿ ನಕಲು ಮಾಡುವ ಒಂದು ಘಟಕವಿದೆ. ಲಾಗಿನ್ ಆಗದವರೂ ಅದರ ಮೂಲಕ ಕಡತಗಳನ್ನು ನಕಲಿಸಬಹುದೆಂದು 2015ರಲ್ಲಿ ಬಯಲಾಯಿತು. 2019ರಲ್ಲಿ ಅದೇ ಘಟಕದಲ್ಲಿ ಮತ್ತೊಂದು ಲೋಪ: ‘ಓದಕೂಡದು, ಬರೆಯಕೂಡದು’ ಎಂದು ಮೇಲ್ವಿಚಾರಕ ವಿಧಿಸಿದ್ದ ನಿರ್ಬಂಧವನ್ನು ನಕಲಿನ ಆದೇಶ ಲೆಕ್ಕಿಸುತ್ತಲೇ ಇರಲಿಲ್ಲ!

ಇದರ ಬಿಸಿ ಯಾರಿಗೆ ತಟ್ಟುತ್ತದೆ? ಮೈಸೂರಿನದೇ ಒಂದು ಮುದ್ರಣಾಲಯವನ್ನು ಊಹಿಸಿಕೊಳ್ಳಿ. ಗ್ರಾಹಕರು ಕಡತ ಹಾಕಲೆಂದು ಅದು ಸರ್ವರ್ ಇಟ್ಟಿದೆ. ಒಬ್ಬರದು ಮದುವೆಯ ಕರೆಯೋಲೆ, ಇನ್ನೊಬ್ಬರದು ಪರೀಕ್ಷೆಯ ಪ್ರಶ್ನೆಪತ್ರಿಕೆ. ಕರೆಯೋಲೆ ಕಳಿಸಲು ಬಂದವರಿಗೆ ಪ್ರಶ್ನೆಪತ್ರಿಕೆಯ ನಕಲು ಸಿಕ್ಕರೆ, ವರ್ಷವಿಡೀ ಓದಿದ ಮಕ್ಕಳ ಗತಿಯೇನು?

ಊಹೆ ಅತಿಯಾಯಿತೆನ್ನುವವರು 2023ರ ಮೇ ತಿಂಗಳನ್ನು ನೆನೆಯಬೇಕು. ಮೂವ್‌ಇಟ್ ಎಂಬ ಕಡತ ಸಾಗಣೆ ತಂತ್ರಾಂಶದಲ್ಲಿ ಬೇರೊಂದು ಬಗೆಯ ದೋಷ ಹಿಡಿದು ಕ್ಲಾಪ್ ಎಂಬ ಸುಲಿಗೆ ತಂಡ ದಾಳಿ ನಡೆಸಿತು. ಜಗತ್ತಿನ 2,000ಕ್ಕೂ ಹೆಚ್ಚು ಸಂಸ್ಥೆಗಳಿಗೆ ಹಾನಿಯಾಯಿತು; ಕೋಟ್ಯಂತರ ಜನರ ಮಾಹಿತಿ ಕಳ್ಳರ ಪಾಲಾಯಿತು. ಅವರಲ್ಲಿ ಬಹುಪಾಲು ಮಂದಿ ಆ ತಂತ್ರಾಂಶದ ಹೆಸರನ್ನೂ ಕೇಳಿದವರಲ್ಲ.

ಪರಿಹಾರ ದುಬಾರಿಯದೇನಲ್ಲ. ಹೆಸರಿಲ್ಲದವರಿಗೆ ಪ್ರವೇಶ ಕೊಡುವ ಸೌಲಭ್ಯವನ್ನು ಮುಚ್ಚಬೇಕು. ಪ್ರತಿ ಗ್ರಾಹಕನಿಗೂ ಪ್ರತ್ಯೇಕ ಕೋಣೆ ಇರಬೇಕು. ಬಳಸದ ಘಟಕಗಳನ್ನು ತೆಗೆದುಹಾಕಿ, ತಂತ್ರಾಂಶದ ತೇಪೆಗಳನ್ನು ಬಂದಾಗಲೇ ಹಾಕಬೇಕು. ಹಳೆಯ ಎಫ್‌ಟಿಪಿಯ ಬದಲು ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಫ್‌ಟಿಪಿ ಬಳಸುವುದು ಮೇಲು. ಇಷ್ಟಾದರೂ ಕನ್ನ ಬಿದ್ದರೆ ಮುಚ್ಚಿಡುವಂತಿಲ್ಲ; 2022ರ ನಿರ್ದೇಶನದಂತೆ ಸಂಸ್ಥೆಗಳು ಇಂಥ ಘಟನೆಯನ್ನು ಆರು ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್‌ಗೆ ತಿಳಿಸಬೇಕು.

ಮುಖ್ಯವಾಗಿ, ಸರ್ವರ್ ನೋಡಿಕೊಳ್ಳುವವರು ಆಗಾಗ ಸಾಮಾನ್ಯ ಗ್ರಾಹಕನ ಹೆಸರಿನಲ್ಲೇ ಒಳಹೊಕ್ಕು, ಪಕ್ಕದವರ ಕಡತ ಕೈಗೆ ಸಿಗುವುದೇ ಎಂದು ಪರೀಕ್ಷಿಸಬೇಕು. ಕಳ್ಳ ಮಾಡುವ ಮೊದಲ ಕೆಲಸವೂ ಅದೇ.