ರೈಲು ಬಾರದ ಊರಿನ ಇಟ್ಟಿಗೆ ಗೋಡೆಗಳು

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಕಡಲ ಚಾಚಿನ ಬಾಯಲ್ಲೇ ಪೋರ್ಟ್ ಟೌನ್ಸೆಂಡ್ ಎಂಬ ಊರಿದೆ. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಅಲ್ಲಿನ ವಾಟರ್ ಸ್ಟ್ರೀಟ್‌ನಲ್ಲಿ ಮಾತ್ರ ಮಹಾನಗರಕ್ಕೆ ಒಪ್ಪುವಂಥ ಇಟ್ಟಿಗೆ ಕಟ್ಟಡಗಳು ಸಾಲುಗಟ್ಟಿವೆ. ಕಮಾನಿನ ಕಿಟಕಿಗಳು, ಎರಕದ ಕಬ್ಬಿಣದ ಕಂಬಗಳು, ಮೇಲಿನ ದಿಬ್ಬದಲ್ಲಿ ಎತ್ತರದ ಗಡಿಯಾರ ಗೋಪುರ ಹೊತ್ತ 1892ರ ಕೋರ್ಟು. ಇಷ್ಟು ಚಿಕ್ಕ ಊರಿಗೆ ಇಷ್ಟೆಲ್ಲ ಯಾಕೆ ಬೇಕಾಯಿತು?

ರೈಲಿನ ಆಸೆಗೆ. 1851ರಲ್ಲಿ ನೆಲೆಗೊಂಡ ಈ ಊರಿನ ಸುಂಕದ ಕಟ್ಟೆಯಲ್ಲಿ ಒಳಬರುವ ಹಡಗುಗಳು ನಿಂತೇ ಮುಂದೆ ಹೋಗಬೇಕಿತ್ತು. ರೈಲೂ ಬಂದರೆ ಇಡೀ ಕರಾವಳಿಯ ವ್ಯಾಪಾರ ತಮ್ಮದೇ ಎಂದು ಊರವರು ನಂಬಿದರು. ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿ 1873ರಲ್ಲಿ ತನ್ನ ಕೊನೆಯ ನಿಲ್ದಾಣಕ್ಕೆ ಟಕೋಮಾ ಎಂಬ ಊರನ್ನು ಆರಿಸಿಕೊಂಡಾಗಲೂ ಆಸೆ ಬತ್ತಲಿಲ್ಲ. 1887ರಲ್ಲಿ ತಾವೇ ಒಂದು ರೈಲು ಕಂಪನಿ ಹುಟ್ಟುಹಾಕಿದರು. 1890ರಲ್ಲಿ ಆರೆಗಾನ್ ಇಂಪ್ರೂವ್‌ಮೆಂಟ್ ಕಂಪನಿ ಕೆಲಸ ಕೈಗೆತ್ತಿಕೊಂಡಿತು. ಬರುವ ಜನಕ್ಕೆಂದು ಅಂಗಡಿ, ಬ್ಯಾಂಕು, ಹೋಟೆಲುಗಳು ಮೊದಲೇ ಎದ್ದು ನಿಂತವು. ಅದೇ ವರ್ಷದ ಕೊನೆಯ ಹೊತ್ತಿಗೆ ಕಂಪನಿ ದಿವಾಳಿಯಾಯಿತು. ಹಳಿ ಕ್ವಿಲ್ಸೀನ್ ಎಂಬ ಹಳ್ಳಿಯಿಂದ ಮುಂದಕ್ಕೆ ಹೋಗಲಿಲ್ಲ. 1893ರ ಆರ್ಥಿಕ ಕುಸಿತ ಉಳಿದ ಧೈರ್ಯವನ್ನೂ ಕಿತ್ತುಕೊಂಡಿತು.

ಕಟ್ಟಡಗಳು ಉಳಿದದ್ದು ಹೀಗೆ. ಕೆಡವಿ ಹೊಸದು ಕಟ್ಟುವುದಕ್ಕೂ ದುಡ್ಡು ಬೇಕು. ಅದು ಯಾರ ಬಳಿಯೂ ಇರಲಿಲ್ಲ. ಮಹಡಿಗಳು ದಶಕಗಟ್ಟಲೆ ಖಾಲಿ ಬಿದ್ದವು, ಕೆಳಗೆ ಮಾತ್ರ ವ್ಯಾಪಾರ ಕುಂಟುತ್ತಾ ನಡೆಯಿತು.

ಈ ಸಾಲು 1976ರಲ್ಲಿ ರಾಷ್ಟ್ರೀಯ ಚಾರಿತ್ರಿಕ ತಾಣಗಳ ಪಟ್ಟಿಗೆ ಸೇರಿತು, 1977ರಲ್ಲಿ ರಾಷ್ಟ್ರೀಯ ಹೆಗ್ಗುರುತು ಎಂಬ ಇನ್ನೂ ಮೇಲಿನ ಮನ್ನಣೆ ಪಡೆಯಿತು. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡಕ್ಕೆ ಕಾವಲು ಸಿಗುವುದಿಲ್ಲ. ಮಾಲೀಕ ಸ್ವಂತ ಹಣದಿಂದ ಕೆಡವುತ್ತೇನೆಂದರೆ ಕೇಂದ್ರದ ಕಾನೂನು ಅಡ್ಡ ಬರುವುದಿಲ್ಲ. ತಡೆಯುವ ಬಲವೇನಾದರೂ ಇದ್ದರೆ ಅದು ಪುರಸಭೆಯ ಕಟ್ಟಳೆಗಳಿಗೆ. ಆದ್ದರಿಂದ ಬೋರ್ಡು ಎಷ್ಟು ಅಗಲವಿರಬೇಕು, ಕಿಟಕಿ ಬದಲಿಸಬಹುದೇ ಎಂದು ಊರವರು ಕೂತು ಚರ್ಚಿಸುವ ಸಭೆಗಳನ್ನು ನಾನು ದೊಡ್ಡ ಕೆಲಸವೆಂದೇ ಎಣಿಸುತ್ತೇನೆ. ಸರ್ಕಾರ ಆಸೆಯನ್ನೂ ತೋರಿಸುತ್ತದೆ: ಆದಾಯ ತರುವ ಚಾರಿತ್ರಿಕ ಕಟ್ಟಡವನ್ನು ಒಪ್ಪಿತ ರೀತಿಯಲ್ಲಿ ದುರಸ್ತಿ ಮಾಡಿದರೆ ಖರ್ಚಿನ ಶೇ. 20ರಷ್ಟನ್ನು ಕೇಂದ್ರದ ಆದಾಯ ತೆರಿಗೆಯಲ್ಲಿ ಕಡಿಮೆ ಮಾಡಿಕೊಳ್ಳಬಹುದು. ವಾಷಿಂಗ್ಟನ್ ರಾಜ್ಯದ 1985ರ ಕಾನೂನಿನಂತೆ, ದೊಡ್ಡ ಮಟ್ಟದ ದುರಸ್ತಿಗೆ ಹಾಕಿದ ಹಣಕ್ಕೆ ಹತ್ತು ವರ್ಷ ಆಸ್ತಿ ತೆರಿಗೆ ಬೀಳುವುದಿಲ್ಲ.

‘ಒಪ್ಪಿತ ರೀತಿ’ ಎಂದರೇನೆಂದು ತಿಳಿಯಲು ಒಂದು ಗೋಡೆಯ ಹತ್ತಿರ ಹೋಗಬೇಕು. ಆ ಕಾಲದ ಇಟ್ಟಿಗೆ ಮೆತ್ತಗಿನದು, ನಡುವಿನ ಸುಣ್ಣದ ಗಾರೆ ಅದಕ್ಕಿಂತ ಮೆತ್ತಗೆ. ಮಳೆನೀರು ಒಳಗೆ ಹೋದರೂ ಗಾರೆಯ ಸಂದಿನಿಂದಲೇ ಉಸಿರಾಡಿದಂತೆ ಆರಿ ಹೊರಬರುತ್ತದೆ. ಗಟ್ಟಿಯಾಗಲಿ ಎಂದು ಯಾರಾದರೂ ಸಂದಿಗೆ ಸಿಮೆಂಟು ತುಂಬಿದರೆ ನೀರಿಗೆ ಆ ದಾರಿ ಮುಚ್ಚುತ್ತದೆ. ಆಗ ಅದು ಇಟ್ಟಿಗೆಯ ಮೂಲಕವೇ ಹೊರಬರಲು ನೋಡುತ್ತದೆ, ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ದುರಸ್ತಿಯೇ ಗೋಡೆಯನ್ನು ತಿನ್ನುವುದು ನೋಡಲು ಸಂಕಟವಾಗುತ್ತದೆ.

ಇನ್ನೊಂದು ಅಪಾಯ ನೆಲದಡಿ ಇದೆ. 1700ರ ಜನವರಿ 26ರಂದು ಈ ಕರಾವಳಿಯನ್ನು ಸುಮಾರು 9ರ ತೀವ್ರತೆಯ ಭೂಕಂಪ ಅಲುಗಾಡಿಸಿತು. ಅದೆಬ್ಬಿಸಿದ ಅಲೆಗಳು ಜಪಾನ್ ಮುಟ್ಟಿದ್ದು ಅಲ್ಲಿನ ಕಡತಗಳಲ್ಲಿ ದಾಖಲಾಗಿದ್ದರಿಂದ ದಿನಾಂಕ ಗೊತ್ತಾಯಿತು. ಅಂಥದ್ದು ಮತ್ತೆ ಬರುತ್ತದೆ. ಇಂಥ ಹಳೆಯ ಕಟ್ಟಡಗಳಲ್ಲಿ ಮರದ ತೊಲೆಗಳು ಸಾಮಾನ್ಯವಾಗಿ ಗೋಡೆಯ ಗೂಡಿನಲ್ಲಿ ಸುಮ್ಮನೆ ಕೂತಿರುತ್ತವೆ. ಗೋಡೆ ಹೊರಕ್ಕೆ ಬಾಗಿದರೆ ತೊಲೆ ಜಾರುತ್ತದೆ, ಮಹಡಿ ಕುಸಿಯುತ್ತದೆ. ಎಷ್ಟೋ ಸಲ ಮೊದಲು ಬೀಳುವುದು ತಾರಸಿಯಂಚಿನ ಪ್ಯಾರಾಪೆಟ್ಟು, ಅದೂ ಕೆಳಗೆ ಓಡಿಬರುವವರ ತಲೆ ಮೇಲೆ. ಮದ್ದು ಹಳೆಯದೇ: ತೊಲೆಗೆ ಕಬ್ಬಿಣದ ಸರಳು ಬಿಗಿದು, ಗೋಡೆ ತೂರಿಸಿ, ಹೊರಗೆ ಬಿಲ್ಲೆ ಹಾಕಿ ನಟ್ಟು ಬಿಗಿಯುವುದು. ಪಶ್ಚಿಮದ ಊರುಗಳಲ್ಲಿ ಇಟ್ಟಿಗೆ ಗೋಡೆಯ ಮೇಲೆ ಸಾಲಾಗಿ ಕಾಣುವ ಕಬ್ಬಿಣದ ಬಿಲ್ಲೆಗಳು ಅಲಂಕಾರವಲ್ಲ.

ಈಗ ಊರಿಗೆ ದುಡ್ಡು ಬಂದಿದೆ. ಪ್ರವಾಸಿಗರು ಬರುತ್ತಾರೆ, ನಿವೃತ್ತರು ಮನೆ ಕೊಳ್ಳುತ್ತಾರೆ, 1977ರಿಂದ ಮರದ ದೋಣಿಗಳ ಉತ್ಸವ ನಡೆಯುತ್ತಿದೆ. ಅಂಗಡಿಯಲ್ಲಿ ದುಡಿಯುವವರಿಗೆ, ದೋಣಿ ಕಟ್ಟುವ ಬಡಗಿಗಳಿಗೆ ಕೈಗೆಟಕುವ ಬಾಡಿಗೆಗೆ ಮನೆ ಸಿಗುವುದು ಕಷ್ಟವಾಗಿದೆ. ಹಳೆಯ ಕಟ್ಟಡಗಳ ಮಹಡಿಗಳನ್ನು ಮನೆ ಮಾಡಿದರೆ ಆಗದೇ? ಅಂಥ ಕಡೆ ಜನ ವಾಸವಿರಬೇಕೆಂದರೆ ಇನ್ನೊಂದು ಮೆಟ್ಟಿಲ ಸಾಲು, ಬೆಂಕಿ ಬಿದ್ದರೆ ನೀರು ಚಿಮ್ಮುವ ಕೊಳವೆ, ಮೇಲೆ ಹೇಳಿದ ಕಬ್ಬಿಣದ ಸರಳು, ಎಲ್ಲವೂ ಬೇಕಾಗಬಹುದು. ಆ ಖರ್ಚು ಬಾಡಿಗೆಯಲ್ಲೇ ಹುಟ್ಟಬೇಕಾದರೆ ಬಡಗಿಗೆ ಆ ಕೋಣೆ ದಕ್ಕುವುದಿಲ್ಲ. ಅವನ ಪಾಲಿನ ಸರಳಿನ ಖರ್ಚನ್ನು ಯಾರು ಹೊರಬೇಕು ಎಂಬುದೇ ಇಂಥ ಊರುಗಳ ಯೋಜನಾ ಸಭೆಗಳ ಮುಂದಿರುವ ಪ್ರಶ್ನೆ.