ಎಳೆಯರ ಓರೆಹಲ್ಲು: ಚಿಕಿತ್ಸೆಗೆ ಸಕಾಲ ಯಾವುದು?

ಪುಣೆಯ ಪೂರ್ವದ ಅಂಚಿನಲ್ಲಿ, ಮುಳಾ-ಮುಠಾ ನದಿಯ ಬದಿಯಲ್ಲಿರುವ ಖರಾಡಿಯು ಇಯಾನ್ ಐ.ಟಿ. ಪಾರ್ಕಿನಿಂದಾಗಿ ಹೆಸರಾಗಿದೆ. ಉದ್ಯೋಗನಿಮಿತ್ತ ಇಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಗುವಿನ ಹೊಸ ಹಲ್ಲು ಓರೆಯಾಗಿ ತಲೆದೋರಿದೊಡನೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಊರಿನಲ್ಲಿರುವ ಅಜ್ಜಿಯು “ಬೆಳೆದಂತೆ ತಾನೇ ಸರಿಹೋಗುತ್ತದೆ” ಎನ್ನುತ್ತಾರೆ. ಪಕ್ಕದ ಫ್ಲ್ಯಾಟಿನವರು “ಈಗಲೇ ಕ್ಲಿಪ್ಪು ಹಾಕಿಸಿಬಿಡಿ” ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ.

ಮಗುವಿಗೆ ಹಾಲುಹಲ್ಲುಗಳು ಇಪ್ಪತ್ತು. ಸುಮಾರು ಆರನೆಯ ವರ್ಷದಲ್ಲಿ, ಯಾವ ಹಲ್ಲೂ ಬೀಳದೆಯೇ, ಬಾಯಿಯ ಹಿಂಭಾಗದಲ್ಲಿ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಇದನ್ನು ಹಾಲುಹಲ್ಲೆಂದೇ ಬಗೆದು ಉಪೇಕ್ಷಿಸುವವರುಂಟು. ಅಲ್ಲಿಂದ ಸುಮಾರು ಹನ್ನೆರಡನೆಯ ವಯಸ್ಸಿನವರೆಗೆ ಎರಡು ಬಗೆಯ ಹಲ್ಲುಗಳೂ ಬಾಯಿಯಲ್ಲಿ ಬೆರೆತಿರುತ್ತವೆ. ಈ ಅವಧಿಯಲ್ಲಿ ಮೇಲಿನ ಬಾಚಿಹಲ್ಲುಗಳು ಬೀಸಣಿಗೆಯಂತೆ ಹರಡಿಕೊಂಡು ನಡುವೆ ಸಂದು ಬಿಡುವುದು ಸಾಮಾನ್ಯ. ಅಮೆರಿಕದ ದಂತವೈದ್ಯ ಬ್ರಾಡ್‌ಬೆಂಟ್ 1937ರಲ್ಲಿ ಇದನ್ನು ‘ಕುರೂಪಿ ಬಾತುಮರಿ’ಯ ಘಟ್ಟವೆಂದು ಕರೆದನು. ಕೋರೆಹಲ್ಲುಗಳು ಇಳಿದು ಬಂದಾಗ ಈ ಸಂದು ಬಹುಮಟ್ಟಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಪದ್ಧತಿಗೆ ಬಹುಮಹಡಿ ಕಟ್ಟಡದಲ್ಲಿ ಎಡೆಯಿಲ್ಲವಾದರೂ, ಅಜ್ಜಿಯ ತಾಳ್ಮೆಗೆ ಇಲ್ಲಿ ಎಡೆಯುಂಟು.

ಆದರೆ ಕಾಯಬಾರದ ಸಂದರ್ಭಗಳೂ ಇವೆ. ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಹೊರಗೆ ಇರಬೇಕು. ಅದು ಒಳಗೆ ಸಿಕ್ಕಿಕೊಂಡರೆ ಮಗು ಅಗಿಯಲು ದವಡೆಯನ್ನು ಒಂದು ಪಕ್ಕಕ್ಕೆ ಸರಿಸುವುದನ್ನು ರೂಢಿ ಮಾಡಿಕೊಳ್ಳಬಹುದು. ಬೆಳವಣಿಗೆಯೂ ಓರೆಯಾಗುವ ಸಂಭವವಿದೆ. ಮೇಲ್ದವಡೆಯ ಎರಡು ಅರ್ಧಗಳ ನಡುವಣ ಬೆಸುಗೆ ಬಾಲ್ಯದಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಆದಕಾರಣ ಕಿರಿದಾದ ಅಂಗುಳವನ್ನು ಆಗ ಅಗಲಗೊಳಿಸುವುದು ಸುಲಭ. ಹರೆಯ ಕಳೆದ ಮೇಲೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಹುಳುಕಿನಿಂದ ಹಾಲಿನ ದವಡೆಹಲ್ಲನ್ನು ಅಕಾಲದಲ್ಲಿ ಕೀಳಿಸಿದರೆ ಹಿಂದಿನ ಹಲ್ಲು ಮುಂದಕ್ಕೆ ಜರುಗಿ, ಬರಬೇಕಾದ ಹಲ್ಲಿನ ಜಾಗವನ್ನು ಆಕ್ರಮಿಸುತ್ತದೆ. ಆ ಜಾಗವನ್ನು ಕಾಯ್ದಿರಿಸಲು ಒಂದು ಸಣ್ಣ ಲೋಹದ ಬಳೆಯೇ ಸಾಕಾಗಬಹುದು. ಶಾಶ್ವತ ಹಲ್ಲು ಬರುವ ವಯಸ್ಸಿನಲ್ಲಿಯೂ ಬೆರಳು ಚೀಪುವ ಮಗುವನ್ನು, ಸದಾ ಬಾಯಿಯಿಂದ ಉಸಿರಾಡುವ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಎರಡನೆಯದರಲ್ಲಿ ಮೂಗು-ಗಂಟಲಿನ ತಜ್ಞರ ಪರೀಕ್ಷೆಯೂ ಅಗತ್ಯ. ಈ ಕಾರಣಗಳಿಂದಲೇ ಅಮೆರಿಕದ ತಜ್ಞರ ಸಂಘವು ಏಳು ವರ್ಷ ತುಂಬುವುದರೊಳಗೆ ಒಮ್ಮೆ ಪರೀಕ್ಷೆಯಾಗಲೆಂದು ಸಲಹೆ ಮಾಡಿದೆ. ಪರೀಕ್ಷೆಯೆಂದರೆ ಚಿಕಿತ್ಸೆಯೆಂದು ಅರ್ಥವಲ್ಲ.

ಈ ವ್ಯತ್ಯಾಸವು ಮುಖ್ಯವಾಗುವುದು ಉಬ್ಬುಹಲ್ಲಿನ ವಿಷಯದಲ್ಲಿ. ಮುಂದಕ್ಕೆ ಚಾಚಿದ ಮೇಲಿನ ಹಲ್ಲುಗಳಿಗೆ ಎಳವೆಯಲ್ಲಿ ಒಮ್ಮೆ, ಹರೆಯದಲ್ಲಿ ಮತ್ತೊಮ್ಮೆ ಎಂದು ಎರಡು ಹಂತದ ಚಿಕಿತ್ಸೆ ಮಾಡುವುದುಂಟು. ಇಂತಹ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2018ರ ವರದಿಯ ಪ್ರಕಾರ, ಹರೆಯದಲ್ಲಿ ಒಂದೇ ಬಾರಿ ಮಾಡಿದ ಚಿಕಿತ್ಸೆಗಿಂತ ಇದರಿಂದ ದೊರೆಯುವ ಮುಖ್ಯ ಲಾಭವೆಂದರೆ, ಬಿದ್ದು ಮುಂಬಲ್ಲಿಗೆ ಪೆಟ್ಟಾಗುವ ಸಂಭವ ಕಡಿಮೆಯಾಗುವುದು. ಆಟದಲ್ಲಿ ಪದೇ ಪದೇ ಬೀಳುವ, ಇಲ್ಲವೇ ಸಹಪಾಠಿಗಳ ಗೇಲಿಗೆ ನೊಂದು ಶಾಲೆಗೆ ಹೋಗಲೊಲ್ಲದ ಮಗುವಿಗೆ ಇದು ಯೋಗ್ಯವಾದೀತು, ಉಳಿದವರು ಕಾಯಬಹುದು. ಎರಡು ಹಂತವೆಂದರೆ ಖರ್ಚೂ ಎರಡು ಬಾರಿ. ತಿಂಗಳ ಕಂತು ಹಗುರವಾಗಿ ಕಂಡರೂ ಒಟ್ಟು ಮೊತ್ತವೆಷ್ಟು, ಮೊದಲ ಹಂತದ ನಂತರ ಮತ್ತೆ ಕ್ಲಿಪ್ಪು ಬೇಕೇ, ಈಗ ಮಾಡಿಸದಿದ್ದರೆ ಆಗುವ ನಷ್ಟವೇನು ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯುವುದು ಜಾಣತನ.

ಸಂದೇಹವಿದ್ದಲ್ಲಿ ಎರಡನೆಯ ಅಭಿಪ್ರಾಯಕ್ಕಾಗಿ ಕ್ಯಾಂಪಿನ ರಂಗೂನ್‌ವಾಲಾ ಅಥವಾ ಧನಕವಡಿಯ ಭಾರತಿ ವಿದ್ಯಾಪೀಠದ ದಂತ ಕಾಲೇಜುಗಳಿಗೆ ಹೋಗಬಹುದು. ವರ್ಗಾವಣೆಯ ನೌಕರಿಯವರು ಇನ್ನೊಂದನ್ನು ಗಮನಿಸಬೇಕು. ಈ ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವಂಥದು. ನಡುವೆ ಬೆಂಗಳೂರಿಗೋ ವಿದೇಶಕ್ಕೋ ಹೊರಡಬೇಕಾದರೆ ಎಕ್ಸ್-ರೇ, ಛಾಯಾಚಿತ್ರ, ಹಲ್ಲಿನ ಅಚ್ಚು ಹಾಗೂ ಅದುವರೆಗಿನ ಚಿಕಿತ್ಸೆಯ ವಿವರ, ಪಾವತಿಸಿದ ಹಣದ ರಸೀದಿ ಇಷ್ಟನ್ನೂ ಕೇಳಿ ಪಡೆದುಕೊಂಡೇ ಊರು ಬಿಡಬೇಕು.